ಯರ್ರೆಪ್ಪ ಮೇಷ್ಟ್ರು ನೋಟ್ಸ್ ನಿಲ್ಲಿಸಿದ ವರ್ಷ

ಹಗರಿಬೊಮ್ಮನಹಳ್ಳಿ ಬಸ್ ಸ್ಟ್ಯಾಂಡಿನ ಎದುರಿಗಿದ್ದ ಮುಬಶ್ಶಿರನ ಜೆರಾಕ್ಸ್ ಅಂಗಡಿಯಲ್ಲಿ ‘ಒಂದು ಯರ್ರೆಪ್ಪ ಕೊಡ್ರಿ’ ಅಂದರೆ ಸಾಕಿತ್ತು. ನೀಲಿ ರಟ್ಟು ಹಾಕಿದ, ನೂರಾ ನಲವತ್ತು ಪುಟದ ಒಂದು ಕಟ್ಟು ಕೈಗೆ ಬರುತ್ತಿತ್ತು. ಬಿ.ಎ. ಮೊದಲ ವರ್ಷದ ಅರ್ಥಶಾಸ್ತ್ರದ ನೋಟ್ಸ್ ಅದು. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಕಡೆಯ ಹುಡುಗರೆಲ್ಲ ಕಾಲೇಜು ಶುರುವಾಗುವ ಮೊದಲೇ ಬಂದು ಒಯ್ಯುತ್ತಿದ್ದರು. ಯರ್ರೆಪ್ಪ ಅನ್ನುವ ಮನುಷ್ಯರು ಅದೇ ಊರಿನ ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡಿಕೊಂಡಿದ್ದಾರೆ, ಸಂಜೆ ಸೈಕಲ್ಲಿಗೆ ತರಕಾರಿ ಚೀಲ ನೇತುಹಾಕಿಕೊಂಡು ಇದೇ ಅಂಗಡಿಯ ಮುಂದೆ ಹಾದು ಹೋಗುತ್ತಾರೆ ಎಂಬುದು ಅವರಲ್ಲಿ ಬಹಳ ಮಂದಿಗೆ ಗೊತ್ತಿರಲಿಲ್ಲ.

ಮೇಷ್ಟ್ರು ಕೋಗಳಿ ಹತ್ತಿರದ ಹಳ್ಳಿಯವರು. ಕುರಿ ಸಾಕುವ ಮನೆ. ತಂದೆ ವರ್ಷದಲ್ಲಿ ಆರು ತಿಂಗಳು ಹಿಂಡಿನ ಹಿಂದೆಯೇ ಇರುತ್ತಿದ್ದರು. ಮನೆಯಲ್ಲಿ ಮೊದಲು ಅಕ್ಷರ ಕಲಿತವರು ಇವರೇ. ಧಾರವಾಡದಲ್ಲಿ ಎಂ.ಎ. ಓದುವಾಗ ಪುಸ್ತಕ ಕೊಳ್ಳಲಾಗದೆ ಲೈಬ್ರರಿಯಲ್ಲಿ ಕೂತು ಇಡೀ ಪುಸ್ತಕಗಳನ್ನೇ ಕೈಯಿಂದ ಬರೆದುಕೊಂಡಿದ್ದರು. ೧೯೮೨ರಲ್ಲಿ ಈ ಕಾಲೇಜಿಗೆ ಬಂದಾಗ ಎದುರಿಗೆ ಕೂತ ಮಕ್ಕಳ ಹತ್ತಿರವೂ ಪುಸ್ತಕ ಇರಲಿಲ್ಲ. ಒಳ್ಳೆಯ ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿ, ಅವೂ ಈ ಊರಿನ ತನಕ ಬರುತ್ತಿರಲಿಲ್ಲ. ಆಗ ಮೇಷ್ಟ್ರು ತಮ್ಮ ಬರಹವನ್ನೆಲ್ಲ ಕನ್ನಡಕ್ಕೆ ಇಳಿಸಿ, ಅಚ್ಚುಕಟ್ಟಾಗಿ ಜೋಡಿಸಿ, ತರಗತಿಯಲ್ಲಿ ನಿಧಾನವಾಗಿ ಹೇಳಿ ಬರೆಸತೊಡಗಿದರು. ‘ಅಲ್ಪವಿರಾಮ’, ‘ಹೊಸ ಪ್ಯಾರಾ’ ಎಂದು ಅದನ್ನೂ ಹೇಳುತ್ತಿದ್ದರು. ಅವರು ಹೇಳಿದ್ದನ್ನು ಹಾಗೇ ಬರೆದವರು ಪಾಸಾದರು. ಹತ್ತು ಹನ್ನೆರಡು ವರ್ಷಗಳಲ್ಲಿ ಅವರ ಹೆಸರು ಸುತ್ತಲಿನ ತಾಲೂಕುಗಳಿಗೆಲ್ಲ ಹರಡಿತು. ಅದರ ಬಗ್ಗೆ ಅವರಿಗೆ ಒಳಗೊಳಗೇ ಹೆಮ್ಮೆಯಿತ್ತು. ಇರಬೇಕಾದದ್ದೇ.

೧೯೯೬ರ ಮೇ ತಿಂಗಳಲ್ಲಿ ಪರೀಕ್ಷೆಯ ಉತ್ತರಪತ್ರಿಕೆ ತಿದ್ದಲು ಅವರು ಗುಲ್ಬರ್ಗಕ್ಕೆ ಹೋದರು. ವರ್ಷವೂ ಹೋಗುತ್ತಿದ್ದರು, ಆದರೆ ಅಲ್ಲಿಯವರೆಗೆ ಅವರ ಪಾಲಿಗೆ ಬಂದದ್ದು ದೂರದ ಜಿಲ್ಲೆಗಳ ಕಟ್ಟುಗಳೇ. ಆ ಬಿಸಿಲಿನಲ್ಲಿ ದೊಡ್ಡ ಹಾಲಿನೊಳಗೆ ಐವತ್ತು ಅರವತ್ತು ಜನ ಮೇಷ್ಟ್ರುಗಳು ಸಾಲಾಗಿ ಕೂತು ತಿದ್ದುವ ಕೆಲಸ. ಎರಡನೆಯ ದಿನ ಅವರ ಮುಂದೆ ಬಂದ ಕಟ್ಟಿನಲ್ಲಿ ಒಂದು ಉತ್ತರ ಕಣ್ಣಿಗೆ ಚುಚ್ಚಿತು. ಬೇಡಿಕೆಯ ಸ್ಥಿತಿಸ್ಥಾಪಕತ್ವವನ್ನು ಉದಾಹರಣೆ ಕೊಟ್ಟು ವಿವರಿಸಿ ಎಂಬುದು ಪ್ರಶ್ನೆ. ಬೆಲೆ ಏರಿದ ಕೂಡಲೇ ಜನ ಕೊಳ್ಳುವುದನ್ನು ಬಹಳ ಕಡಿಮೆ ಮಾಡುವ ವಸ್ತುವಿನ ಬೇಡಿಕೆ ಸ್ಥಿತಿಸ್ಥಾಪಕ. ಎಷ್ಟೇ ತುಟ್ಟಿಯಾದರೂ ಕೊಳ್ಳಲೇಬೇಕಾದದ್ದರ ಬೇಡಿಕೆ ಅಸ್ಥಿತಿಸ್ಥಾಪಕ. ಇಷ್ಟೇ ವಿಷಯ. ಹುಡುಗ ಬರೆದಿದ್ದ: ‘ಉಪ್ಪಿನ ಬೇಡಿಕೆಯು ಸ್ಥಿತಿಸ್ಥಾಪಕವಾದುದು. ಉಪ್ಪಿನ ಬೆಲೆ ಹೆಚ್ಚಿದರೆ ಜನರು ಉಪ್ಪು ತಿನ್ನುವುದನ್ನು ಬಹಳವಾಗಿ ಕಡಿಮೆ ಮಾಡುತ್ತಾರೆ.’

ಮೇಷ್ಟ್ರಿಗೆ ನಗು ಬಂತು. ಕೆಂಪು ಶಾಯಿಯಲ್ಲಿ ಅಡ್ಡ ಗೆರೆ ಎಳೆದು ಮುಂದಿನದನ್ನು ತೆಗೆದರು. ಅದರಲ್ಲೂ ಅದೇ ಇತ್ತು. ಮೂರನೆಯದರಲ್ಲೂ ಇತ್ತು. ಐದನೆಯದಕ್ಕೆ ಬರುವಷ್ಟರಲ್ಲಿ ಸಿಟ್ಟು ಬಂತು. ಇವೇನು ಒಂದರಲ್ಲೊಂದು ನೋಡಿ ಬರೆದವೋ ಹೇಗೆ ಎಂದುಕೊಂಡರು. ಆದರೆ ಕಟ್ಟು ಬದಲಾದರೂ ಉಪ್ಪು ಬದಲಾಗಲಿಲ್ಲ. ಪಕ್ಕದ ಮೇಜಿನ ರಾಯಚೂರು ಕಡೆಯ ಮೇಷ್ಟ್ರೊಬ್ಬರು ಒಂದು ಉತ್ತರಪತ್ರಿಕೆ ಎತ್ತಿ ತೋರಿಸಿ, “ಯಾವನೋ ಪುಣ್ಯಾತ್ಮ ಎಲ್ಲಾರಿಗೂ ಒಂದೇ ನೋಟ್ಸ್ ಕೊಟ್ಟಾನ್ರಿ ನಿಮ್ಮ ಕಡಿ. ಉಪ್ಪು ಬಿಟ್ಟು ಬದುಕ್ತಾರಂತ ಜನ!” ಎಂದು ನಕ್ಕರು. ಸುತ್ತಲಿನ ನಾಲ್ಕು ಜನ ನಕ್ಕರು.

ಯರ್ರೆಪ್ಪ ಮೇಷ್ಟ್ರು ನಗಲಿಲ್ಲ. ಮುಂದಿದ್ದ ಉತ್ತರದ ಮೊದಲ ಪ್ಯಾರಾವನ್ನು ಇನ್ನೊಮ್ಮೆ ಓದಿದರು. ‘ಬೆಲೆಯೆಂಬ ಕರೆಗೆ ಬೇಡಿಕೆಯು ಓಗೊಡುವ ಪ್ರಮಾಣವೇ ಸ್ಥಿತಿಸ್ಥಾಪಕತ್ವ.’ ಆ ಮಾತು ಯಾವ ಪುಸ್ತಕದಲ್ಲೂ ಇರಲಿಲ್ಲ. ಕಾಲೇಜಿಗೆ ಬಂದ ಹೊಸದರಲ್ಲಿ ಕೂತು ಅವರೇ ಕನ್ನಡದಲ್ಲಿ ಕಟ್ಟಿದ ವಾಕ್ಯ ಅದು. ಆ ದಿನ ಮಧ್ಯಾಹ್ನ ಅವರು ಊಟಕ್ಕೆ ಹೋಗಲಿಲ್ಲ.

ಊರಿಗೆ ಬಂದವರೇ ಟ್ರಂಕು ತೆಗೆದರು. ೧೯೮೨ರಲ್ಲಿ ಬರೆದ ಮೊದಲ ಪ್ರತಿಯಲ್ಲಿ ‘ಅಸ್ಥಿತಿಸ್ಥಾಪಕ’ ಎಂದು ಸರಿಯಾಗಿಯೇ ಇತ್ತು. ಆ ಪ್ರತಿಯ ಹಾಳೆ ಹರಿಯತೊಡಗಿದ್ದರಿಂದ ೧೯೮೭ರಲ್ಲಿ ಕೂತು ಹೊಸದಾಗಿ ನಕಲು ಮಾಡಿದ್ದರು. ಆಗ ಒಂದು ‘ಅ’ ಬಿಟ್ಟುಹೋಗಿತ್ತು. ಅಷ್ಟೇ. ಬೆಲೆ ಏರಿದರೆ ಕಡಿಮೆ ತಿನ್ನುತ್ತಾರೆ ಎಂಬ ವಿವರಣೆಯನ್ನು ಮಕ್ಕಳು ಆ ಪದಕ್ಕೆ ತಕ್ಕಂತೆ ತಾವೇ ಹೊಂದಿಸಿಕೊಂಡಿದ್ದರು. ‘ಅ’ ಬಿಟ್ಟುಹೋದದ್ದು ಅವರನ್ನು ಅಷ್ಟು ಕಾಡಲಿಲ್ಲ. ನಕಲು ಮಾಡುವಾಗ ಯಾರಿಗಾದರೂ ಆಗುವಂಥದ್ದು. ಆದರೆ ಒಂಬತ್ತು ವರ್ಷ ಅದನ್ನು ತಮ್ಮ ಬಾಯಿಂದಲೇ ಗಟ್ಟಿಯಾಗಿ ಓದಿ ಹೇಳಿದ್ದರಲ್ಲ, ಒಮ್ಮೆಯೂ ಅವರ ಕಿವಿಗೇ ಅದು ಬಿದ್ದಿರಲಿಲ್ಲ. ಎದುರಿಗೆ ಕೂತ ಐನೂರಕ್ಕೂ ಹೆಚ್ಚು ಮಕ್ಕಳಲ್ಲಿ ಒಬ್ಬರೂ ಕೈ ಎತ್ತಿರಲಿಲ್ಲ.

ಊಟಕ್ಕೆ ಕೂತಾಗ ತಾಯಿ ಪಾಲಮ್ಮನನ್ನು ಕೇಳಿದರು. “ಯವ್ವಾ, ಉಪ್ಪು ತುಟ್ಟಿ ಆದ್ರ ಏನ್ ಮಾಡ್ತಿ?”

“ಏನ್ ಮಾಡ್ಲಿ? ತರ್ತೀನಿ.”

“ಕಡಿಮಿ ತರಂಗಿಲ್ಲೇನು?”

“ಯಾಕ್ ಕಡಿಮಿ ತರ್ಲಿ? ಸಪ್ಪನ್ನ ಸಾರು ನೀ ಉಣ್ತಿಯೇನು? ಕುರಿಗೂ ಉಪ್ಪು ಬೇಕು, ಮನಷ್ಯಾರಿಗೆ ಬ್ಯಾಡಾ?” ಎಂದು ಆಕೆ ಮಗನ ಮುಖ ನೋಡಿದಳು.

ಹೆಂಡತಿ ನಾಗಲಿಂಗಮ್ಮ ರೊಟ್ಟಿ ಹಾಕುತ್ತ, “ಗುಲ್ಬರ್ಗಾಕ್ಕ ಹೋಗಿ ಬಂದಾಗಿಂದ ಒಂದ್ ನಮೂನಿ ಅದೀರಿ. ಮೈಯಾಗ ಹುಷಾರೈತೋ ಇಲ್ಲೋ?” ಎಂದಳು. ಹುಷಾರಿದೆ ಎಂದರು ಮೇಷ್ಟ್ರು.

ಜುಲೈಯಲ್ಲಿ ಹೊಸ ಮಕ್ಕಳು ಬಂದರು. ಐವತ್ತೆಂಟು ಜನ. ಎಲ್ಲರ ಮುಂದೆಯೂ ಆಗಲೇ ನೀಲಿ ರಟ್ಟಿನ ಕಟ್ಟು. ಮೇಷ್ಟ್ರು ಹಾಜರಿ ಕರೆದು, ಪುಸ್ತಕ ತೆರೆಯದೆ, ಉಪ್ಪಿನ ಬೇಡಿಕೆ ಎಂಥದ್ದು ಎಂದು ಕೇಳಿದರು. ಪುಟ ತಿರುವುವ ಸದ್ದಾಯಿತು. ಮುಂದಿನ ಬೆಂಚಿನ ಹುಡುಗನೊಬ್ಬ ಎದ್ದು ‘ಸ್ಥಿತಿಸ್ಥಾಪಕ’ ಎಂದು ಓದಿದ.

“ತಪ್ಪು. ಆ ತಪ್ಪು ನಿಂದಲ್ಲ, ನಂದು. ಒಂಬತ್ತು ವರ್ಸದಿಂದ ನಾನ ತಪ್ಪು ಬರಸೀನಿ” ಎಂದರು ಮೇಷ್ಟ್ರು.

ಮೇಷ್ಟ್ರು ತಪ್ಪೊಪ್ಪಿಕೊಂಡರೆ ಏನು ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಆಗ ಹುಡುಗಿಯರ ಸಾಲಿನಿಂದ ಒಂದು ದನಿ ಬಂತು. ಬಡಗಿ ಜಮಾಲ್ ಸಾಬರ ಮಗಳು ಅಸ್ಮಾ.

“ಸರ್, ಓದೋವಾಗ ನಂಗ ಅನ್ಸಿತ್ರಿ. ಉಪ್ಪು ತುಟ್ಟಿ ಆಗೈತಿ ಅಂತ ನಮ್ಮಮ್ಮಿ ಯಾವತ್ತೂ ಸಾರಿಗೆ ಕಡಿಮಿ ಹಾಕಿಲ್ಲ.”

“ಮತ್ತ ನೋಟ್ಸ್‌ನಾಗ ಯಾಕ ತಿದ್ದಿಕೊಳ್ಳಲಿಲ್ಲ?”

ಅಸ್ಮಾ ಹೇಳಿದಳು. “ಮನಿ ಉಪ್ಪು ಬ್ಯಾರೆ, ಪರೀಕ್ಷಿ ಉಪ್ಪು ಬ್ಯಾರೆ ಇರ್ಬೇಕು ಅನ್ಕಂಡೆರಿ.”

ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು. ಆದರೆ ಆ ಮಾತು ಅವರನ್ನು ಮನೆಯವರೆಗೆ ಬಿಡಲಿಲ್ಲ. ಹದಿನಾಲ್ಕು ವರ್ಷ ತಾವು ಕಲಿಸಿದ್ದು ಪರೀಕ್ಷೆಯ ಉಪ್ಪನ್ನೇ ಅನ್ನುವುದು ಅವರಿಗೆ ಅವತ್ತು ಸ್ಪಷ್ಟವಾಯಿತು. ಮರುದಿನದಿಂದ ನೋಟ್ಸ್ ಬರೆಸುವುದನ್ನು ನಿಲ್ಲಿಸಿದರು, ನೀಲಿ ಕಟ್ಟನ್ನು ತರಗತಿಗೆ ತರಬೇಡಿ ಎಂದರು.

ನಿಲ್ಲಿಸಿದ್ದೇನೋ ಸರಿ, ಬದಲಿಗೆ ಏನು ಮಾಡಬೇಕೆಂದು ಅವರಿಗೂ ತಿಳಿದಿರಲಿಲ್ಲ. ಹೇಳಿಕೊಡುವವರು ಯಾರೂ ಇರಲಿಲ್ಲ. ಮೊದಲ ವಾರ ಪ್ರಶ್ನೆ ಕೇಳಿ ಸುಮ್ಮನೆ ನಿಂತರು. ಮಕ್ಕಳೂ ಸುಮ್ಮನೆ ಕೂತರು. ಎರಡನೆಯ ವಾರ ‘ನಾಲ್ಕು ನಾಲ್ಕು ಜನ ಸೇರಿ ಮಾತಾಡಿ ಉತ್ತರ ಹೇಳ್ರಿ’ ಎಂದರು. ಆದರೆ ಹನ್ನೆರಡು ಅಡಿ ಉದ್ದದ ಡೆಸ್ಕುಗಳನ್ನು ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಲಾಗಿತ್ತು. ಮುಂದಿನವನ ಬೆನ್ನು ಬಿಟ್ಟು ಬೇರೇನೂ ಕಾಣುವಂತಿರಲಿಲ್ಲ. ಮಾತಾಡಬೇಕೆಂದರೆ ಕತ್ತು ತಿರುಗಿಸಬೇಕು, ಕತ್ತು ತಿರುಗಿಸಿದರೆ ಬರೆಯಲಾಗುವುದಿಲ್ಲ. ಹದಿನೈದು ದಿನ ಹೀಗೆ ಹೆಣಗಾಡಿ ಮೇಷ್ಟ್ರು ಪ್ರಾಂಶುಪಾಲರ ಹತ್ತಿರ ಹೋದರು. ಗ್ರಂಥಾಲಯದ ಹಿಂದೆ ಒಂದು ಉದ್ದನೆಯ ಖಾಲಿ ಕೋಣೆಯಿತ್ತು. ಅದರಲ್ಲಿ ಬಳಸದೆ ಬಿದ್ದ ಎಂಟು ಹಳೆಯ ಡೆಸ್ಕುಗಳಿದ್ದವು. ‘ಕೋಣೆ ಕೊಡ್ರಿ, ಡೆಸ್ಕು ರಿಪೇರಿ ಮಾಡಿಸ್ಕಂತೀನಿ’ ಎಂದರು. ಪ್ರಾಂಶುಪಾಲರು ಬೇರೆ ಯಾವುದೋ ಕಾಗದ ನೋಡುತ್ತ, ಆಗಲಿ ಎಂದರು.

ಜಮಾಲ್ ಸಾಬರು ಬಂದು ಡೆಸ್ಕುಗಳನ್ನು ಅಳೆದರು. ತೆಳ್ಳಗಿನ ಮನುಷ್ಯ, ಮಾತು ಕಡಿಮೆ.

“ಮಧ್ಯಕ್ಕ ಕೊಯ್ದು ಎರಡೆರಡು ಮಾಡ್ರಿ. ಎದುರಾಬದುರು ಇಟ್ರ ಒಂದು ಮೇಜು ಆಗ್ಬೇಕು” ಎಂದರು ಮೇಷ್ಟ್ರು.

“ಹಂಗಂದ್ರ ಹುಡುಗ್ರು ಯಾರ ಕಡಿಗೆ ಮಾರಿ ಮಾಡಿ ಕುಂದ್ರತಾರ್ರಿ?”

“ಒಬ್ಬರಿಗೊಬ್ಬರು.”

“ನೀವು ಎಲ್ಲಿ ನಿಂದ್ರತೀರಿ?”

ಮೇಷ್ಟ್ರು ಅದನ್ನು ಯೋಚಿಸಿರಲಿಲ್ಲ. “ನಾನು ನಡುವ ತಿರಗಾಡ್ತೀನಿ.”

“ಅದು ಚಲೋ ಆತು” ಎಂದರು ಜಮಾಲ್ ಸಾಬರು. “ನಾನೂ ಅಂಗಡ್ಯಾಗ ಒಂದ ಕಡಿ ಕುಂತೆ ಅಂದ್ರ ಕೆಲಸ ಕೆಡ್ತೈತ್ರಿ. ತಿರಗ್ತಿದ್ರ ಯಾರು ಎಲ್ಲಿ ತಪ್ಪಾಕತ್ಯಾರ ಅಂತ ಗೊತ್ತಾಗ್ತೈತಿ.”

ಡೆಸ್ಕಿನ ಮೇಲ್ಮೈ ಬರೆಯಲು ಅನುಕೂಲವಾಗಲೆಂದು ಇಳಿಜಾರಾಗಿತ್ತು. ಎದುರಾಬದುರು ಇಟ್ಟರೆ ಮನೆಯ ಮಾಡಿನಂತೆ ನಡುವೆ ಎತ್ತರವಾಗಿ ಪೆನ್ನುಗಳು ಉರುಳುತ್ತಿದ್ದವು. ಜಮಾಲ್ ಸಾಬರು ಕಾಲುಗಳನ್ನು ಕತ್ತರಿಸಿ, ತುಂಡು ಕೊಟ್ಟು, ಮಟ್ಟ ಹಿಡಿದು ಸಪಾಟು ಮಾಡಿದರು. ಹತ್ತು ದಿನದಲ್ಲಿ ಎಂಟು ಮೇಜು ಸಿದ್ಧವಾದವು.

ತೊಂದರೆ ಬಂದದ್ದು ಯಾರೂ ನೆನೆಸದ ಕಡೆಯಿಂದ. ಆ ಡೆಸ್ಕುಗಳನ್ನು ಹಿಂದೊಮ್ಮೆ ಕಾಲೇಜಿಗೆ ದಾನ ಕೊಟ್ಟವರು ಎಣ್ಣೆ ಮಿಲ್ಲಿನ ಹಾಲೇಶಪ್ಪ. ಪ್ರತಿ ಡೆಸ್ಕಿನ ಹಿಂಬದಿಗೆ ‘ದಿವಂಗತ ಕೊಟ್ರಬಸಪ್ಪನವರ ಸ್ಮರಣಾರ್ಥ’ ಎಂದು ಅವರ ತಂದೆಯ ಹೆಸರು ಬರೆಸಿದ್ದರು. ಆಡಳಿತ ಮಂಡಳಿಯ ಸಭೆಗೆ ಬಂದವರು ಹೊಸ ಕೋಣೆ ನೋಡೋಣವೆಂದು ಒಳಗೆ ಕಾಲಿಟ್ಟರೆ, ಒಂದು ಮೇಜಿನ ಮೇಲೆ ‘ಕೊಟ್ರಬ’ ಎಂದಿತ್ತು, ಇನ್ನೊಂದರ ಮೇಲೆ ‘ಸಪ್ಪನವರ’ ಎಂದಿತ್ತು.

“ನಮ್ಮಪ್ಪನ್ನ ಗರಗಸ ಹಾಕಿ ಕೊಯ್ದೀರಲ್ರೀ!” ಎಂದು ಹಾಲೇಶಪ್ಪ ವರಾಂಡದಲ್ಲಿ ನಿಂತು ಕೂಗಿದರು. ಪ್ರಾಂಶುಪಾಲರು ತಾವು ರಿಪೇರಿಗಷ್ಟೇ ಒಪ್ಪಿದ್ದೆಂದು ಹೇಳಿ ಪಕ್ಕಕ್ಕೆ ಸರಿದರು. ಮೇಷ್ಟ್ರು ಕೈಮುಗಿದು ನಿಂತರು. ಅವರಿಗೆ ನಿಜವಾಗಿಯೂ ಬೇಸರವಾಗಿತ್ತು. ಹೆಸರು ಕಣ್ಣಿಗೆ ಬಿದ್ದಿರಲೇ ಇಲ್ಲ. ಕೊನೆಗೆ ಜಮಾಲ್ ಸಾಬರೇ ದಾರಿ ತೋರಿಸಿದರು. ಹಳೆಯ ಅಕ್ಷರಗಳನ್ನು ಕೆರೆದು ತೆಗೆದು, ಹದಿನಾರು ತುಂಡಿಗೂ ಪೂರ್ತಿ ಹೆಸರು ಬರೆಸಿದರು. ಎಂಟಿದ್ದ ಕೊಟ್ರಬಸಪ್ಪ ಹದಿನಾರಾದರು. ಹಾಲೇಶಪ್ಪ ಬಂದು ಒಂದೊಂದನ್ನೂ ಓದಿ ನೋಡಿ, ಏನೂ ಮಾತಾಡದೆ ಹೋದರು. ಅದನ್ನೇ ಒಪ್ಪಿಗೆ ಎಂದು ತಿಳಿದುಕೊಂಡದ್ದಾಯಿತು.

ಕೋಣೆಯೇನೋ ಆಯಿತು, ಮಕ್ಕಳ ಮನಸ್ಸು ಆಗಲಿಲ್ಲ. ಸೆಪ್ಟೆಂಬರಿನಲ್ಲಿ ಪ್ರಾಂಶುಪಾಲರ ಮೇಜಿನ ಮೇಲೆ ಒಂದು ಅರ್ಜಿ ಬಂತು. ‘ಅರ್ಥಶಾಸ್ತ್ರದ ಉಪನ್ಯಾಸಕರು ನೋಟ್ಸ್ ಬರೆಸುತ್ತಿಲ್ಲ, ಇದ್ದ ನೋಟ್ಸ್ ತರಲೂ ಬಿಡುತ್ತಿಲ್ಲ. ಸಂತೆಗೆ ಹೋಗಿ ತರಕಾರಿ ಬೆಲೆ ಬರೆದುಕೊಂಡು ಬನ್ನಿ ಎನ್ನುತ್ತಾರೆ. ನಾವು ಪಾಸಾಗುವುದು ಹೇಗೆ?’ ನಲವತ್ತೊಂದು ಸಹಿ. ಮೊದಲನೆಯದು ಬೀರಲಿಂಗೇಶನದು. ಮೈಲಾರದ ಕಡೆಯ ಹುಡುಗ, ಹಾಸ್ಟೆಲಿನಲ್ಲಿ ಇದ್ದು ಓದುತ್ತಿದ್ದ, ಅವನ ಮನೆಯದೂ ಕುರಿ ಸಾಕುವ ಕಸುಬೇ.

“ಅರ್ಜಿ ಅಷ್ಟ ಅಲ್ಲರೀ ಯರ್ರೆಪ್ಪನವರೇ, ಪಕ್ಕದ ಕ್ಲಾಸಿನ್ಯಾಗ ಇತಿಹಾಸ ಕೇಳ್ಸವಲ್ದಂತ. ಸಂತಿ ಆಗೈತಿ ಅಂತಾರ ನಿಮ್ಮ ರೂಮು” ಎಂದರು ಪ್ರಾಂಶುಪಾಲರು.

“ಈ ವರ್ಸ ಒಂದು ನೋಡ್ರಿ” ಎಂದು ಮೇಷ್ಟ್ರು ಬೇಡಿಕೊಂಡರು.

ಬೀರಲಿಂಗೇಶನನ್ನು ಅವರು ಕರೆದು ಬೈಯಲಿಲ್ಲ. ಅವನೇ ಒಂದು ದಿನ ವರಾಂಡದಲ್ಲಿ ಎದುರಾಗಿ ನಿಂತ. “ಸರ್, ನಿಮ್ ಮ್ಯಾಲೆ ಸಿಟ್ಟಿಲ್ರಿ. ನಮ್ಮಣ್ಣ ನಿಮ್ ನೋಟ್ಸ್ ಓದೇ ಪಾಸಾಗ್ಯಾನ. ನಂಗೂ ಅಷ್ಟ ಸಾಕಾಗಿತ್ತು” ಎಂದ. ಹುಡುಗ ಕೇಳುತ್ತಿದ್ದದ್ದು ತಪ್ಪೇನಾಗಿರಲಿಲ್ಲ.

ಆ ನಡುವೆ ಮೇಷ್ಟ್ರು ಮುಬಶ್ಶಿರನ ಅಂಗಡಿಗೂ ಹೋದರು. ಜೆರಾಕ್ಸಿಗೆ ಇಟ್ಟುಕೊಂಡಿದ್ದ ಮೂಲ ಪ್ರತಿ ತೆಗೆಸಿ, ಆ ಪುಟ ಹುಡುಕಿ, ಕಪ್ಪು ಪೆನ್ನಿನಲ್ಲಿ ‘ಅ’ ಸೇರಿಸಿದರು.

“ಸರ್, ಆಗ್ಲೇ ಮಾರಿ ಹೋದ ಪ್ರತಿ ಅದಾವಲ್ಲ, ಅವಕ್ಕೇನ್ ಮಾಡ್ತೀರಿ?” ಎಂದ ಮುಬಶ್ಶಿರ.

ಮೇಷ್ಟ್ರು ಅಂಚೆ ಕಚೇರಿಗೆ ಹೋದರು. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಯ ಪರಿಚಯದ ಮೇಷ್ಟ್ರುಗಳಿಗೆ ಒಂದೊಂದು ಕಾರ್ಡು ಬರೆದರು. ಇಬ್ಬರಿಂದ ಜವಾಬು ಬಂತು. ಒಬ್ಬರು ಧನ್ಯವಾದ ಹೇಳಿದ್ದರು. ಇನ್ನೊಬ್ಬರು, ‘ಪರವಾಗಿಲ್ಲ ಬಿಡಿ, ಈಗ ಎಲ್ಲರೂ ಹಾಗೆಯೇ ಬರೆಯುತ್ತಾರೆ’ ಎಂದು ಬರೆದಿದ್ದರು.

ನವೆಂಬರಿನಲ್ಲಿ ಪೂರೈಕೆಯ ಪಾಠ ಬಂತು. ಬೆಲೆ ಏರಿದರೆ ಮಾರುವವರು ಹೆಚ್ಚು ಮಾರುತ್ತಾರೆ, ಇಳಿದರೆ ಕಡಿಮೆ. ಮೇಷ್ಟ್ರು ಅದನ್ನು ಹೇಳಲಿಲ್ಲ. ‘ನಿಮ್ಮ ಮನ್ಯಾಗ ಮಾರೋದು ಏನೈತಿ, ಅದರ ರೇಟು ಏರಿದಾಗ ಹಿರೇರು ಏನ್ ಮಾಡಿದ್ರು, ಕೇಳಿಕೊಂಡು ಬರ್ರಿ’ ಎಂದು ವಾರ ಮೊದಲೇ ಹೇಳಿ ಕಳಿಸಿದ್ದರು. ಅವತ್ತು ಎಂಟು ಮೇಜುಗಳಿಂದಲೂ ಮಾತು ಹೊರಟಿತು. ಶೇಂಗಾ ಬೆಳೆದವರು ಇದ್ದರು, ಹಾಲು ಹಾಕುವವರು ಇದ್ದರು. ಎಲ್ಲವೂ ಹೆಚ್ಚುಕಡಿಮೆ ಪುಸ್ತಕದಂತೆಯೇ ಇತ್ತು. ಕೊನೆಯ ಮೇಜಿನಿಂದ ಬೀರಲಿಂಗೇಶ ಎದ್ದು ನಿಂತ.

“ಸರ್, ಪುಸ್ತಕದಾಗಿಂದು ಸುಳ್ಳು.”

“ಹೆಂಗ?”

“ಹೋದ ವರ್ಸ ಕುರಿ ರೇಟು ಏರ್ತು. ನಮ್ಮಪ್ಪ ಸಂತಿಗೆ ಹೊಡಕಂಡು ಹೋಗಿದ್ದ ಹಿಂಡಿನ್ಯಾಗ ಹೆಣ್ಣು ಕುರಿ ಒಂದೂ ಮಾರಲಿಲ್ಲ, ವಾಪಸ್ ಹೊಡಕಂಡು ಬಂದ. ಇಟ್ಕಂಡ್ರ ಮರಿ ಹಾಕ್ತಾವ, ಮರಿಗೂ ರೇಟು ಬರ್ತೈತಿ ಅಂದ. ರೇಟು ಏರಿದ್ರ ಮಾರೋದು ಜಾಸ್ತಿ ಆಗ್ತೈತಿ ಅಂತ ಬರದೈತಿ. ನಮ್ಮನ್ಯಾಗ ಕಡಿಮಿ ಆತು.”

ಮೇಷ್ಟ್ರು ಕಿಟಕಿಯ ಹತ್ತಿರ ನಿಂತಿದ್ದರು. ಅವರಿಗೆ ಹತ್ತು ವರ್ಷವಿದ್ದಾಗ ಸಂತೆಯಿಂದ ಊರಿಗೆ ಕುರಿಗಳ ಹಿಂದೆ ನಡೆದುಕೊಂಡು ಬಂದದ್ದು ನೆನಪಾಯಿತು. ಮಾರಲೆಂದು ಒಯ್ದ ಕುರಿಗಳೇ. ‘ಯಾಕಪ್ಪಾ ಮಾರ್ಲಿಲ್ಲ?’ ಎಂದು ಕೇಳಿದ್ದಕ್ಕೆ ಅಪ್ಪ, ‘ರೇಟು ಚಲೋ ಐತಲೇ, ಅದಕ್ಕ’ ಎಂದಿದ್ದರು. ಅದು ಅವರಿಗೆ ಗೊತ್ತಿದ್ದ ವಿಷಯ. ಆದರೆ ಹದಿನಾಲ್ಕು ವರ್ಷ ಕಪ್ಪುಹಲಗೆಯ ಮೇಲೆ ಪೂರೈಕೆಯ ಗೆರೆಯನ್ನು ಮೇಲ್ಮುಖವಾಗಿ ಎಳೆಯುವಾಗ ಒಂದು ದಿನವೂ ಅಪ್ಪನ ಕುರಿ ಅಡ್ಡ ಬಂದಿರಲಿಲ್ಲ.

ಅವರು ಏನಾದರೂ ಹೇಳುವ ಮೊದಲೇ ಅಸ್ಮಾ ಪಕ್ಕದ ಮೇಜಿನಿಂದ ತಿರುಗಿದಳು. “ನಿಮ್ಮಪ್ಪಾರು ಮಾರೋದು ಬಿಟ್ಟಿಲ್ಲ, ಮುಂದಕ್ಕ ಹಾಕ್ಯಾರ. ಮರಿ ದೊಡ್ಡವಾದ ಮ್ಯಾಲೆ ಎಣಿಸಿ ನೋಡು, ಸಂತಿಗೆ ಮೊದಲಿಗಿಂತ ಜಾಸ್ತಿನ ಬರ್ತಾವ.”

“ಹಂಗಾದ್ರ ಪುಸ್ತಕದಾಗ ‘ಮರಿ ದೊಡ್ಡವಾದ ಮ್ಯಾಲೆ’ ಅಂತ ಬರಿಬೇಕಿತ್ತಲ್ಲ!”

“ಶೇಂಗಾಕ್ಕೂ ಹಂಗ ಅಲ್ಲನು? ಬಿತ್ತಿ ಬೆಳಿಬೇಕು” ಎಂದ ಇನ್ನೊಬ್ಬ. “ಶೇಂಗಾ ಮರಿ ಹಾಕಂಗಿಲ್ಲಲೇ” ಎಂದ ಮತ್ತೊಬ್ಬ. ಗದ್ದಲ ಎದ್ದಿತು. ಬೀರಲಿಂಗೇಶ ಬಿಡಲಿಲ್ಲ, ಅಸ್ಮಾಳೂ ಬಿಡಲಿಲ್ಲ. ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಮಾರಾಟಕ್ಕೆ ಬರುವ ಸರಕು ಬೆಲೆಯೊಂದನ್ನೇ ಅಲ್ಲ, ಕಾಲವನ್ನೂ ನೋಡುತ್ತದೆ ಎಂಬಲ್ಲಿಗೆ ಎರಡು ದಿನದ ಜಗಳ ಬಂದು ಮುಟ್ಟಿತು. ಮೇಷ್ಟ್ರು ಮನೆಗೆ ಹೋಗಿ ಧಾರವಾಡದ ಹಳೆಯ ಬರಹ ತೆಗೆದು ನೋಡಿದರು. ಇಂಗ್ಲಿಷ್ ಪುಸ್ತಕದಲ್ಲಿ ಅದು ಇತ್ತು. ನೋಟ್ಸ್ ಚಿಕ್ಕದಾಗಲಿ ಎಂದು ಅವರೇ ಬಿಟ್ಟಿದ್ದರು. ಮರುದಿನ ತರಗತಿಯಲ್ಲಿ ಅದನ್ನೂ ಹೇಳಿದರು. ಆ ವಾರ ಅವರಿಗೆ ಆದ ಸಂತೋಷ ಹದಿನಾಲ್ಕು ವರ್ಷದಲ್ಲಿ ಆಗಿರಲಿಲ್ಲ. ಮನೆಯಲ್ಲಿ ತಾಯಿಯ ಮುಂದೆ ಕೂತು ಕುರಿಯ ಕಥೆ ಹೇಳಿದರು. “ಇದನ್ನ ಕಲಿಯಾಕ ಕಾಲೇಜಿಗೆ ಹೋಗ್ಬೇಕೇನು?” ಎಂದಳು ಪಾಲಮ್ಮ.

ಆದರೆ ಫಲಿತಾಂಶ ಬಂದಾಗ ಪ್ರಾಂಶುಪಾಲರು ಮತ್ತೆ ಕರೆಸಿದರು. ಪ್ರತಿ ವರ್ಷ ಹತ್ತರಲ್ಲಿ ಎಂಟು ಜನ ಪಾಸಾಗುತ್ತಿದ್ದ ವಿಷಯದಲ್ಲಿ ಈ ಸಲ ಐವತ್ತೆಂಟಕ್ಕೆ ಮೂವತ್ಮೂರು. ಅಸ್ಮಾಳಿಗೆ ಎಪ್ಪತ್ತೊಂದು ಬಂದಿತ್ತು, ಇಡೀ ತಾಲೂಕಿಗೇ ಹೆಚ್ಚು. ಆದರೆ ಒಬ್ಬಳ ಅಂಕ ತೋರಿಸಿ ಇಪ್ಪತ್ತೈದು ಜನರ ಮನೆಯವರಿಗೆ ಉತ್ತರ ಹೇಳಲಾಗುವುದಿಲ್ಲ. ಬೀರಲಿಂಗೇಶ ಮೂವತ್ತಾರು ಅಂಕದಲ್ಲಿ ಹೇಗೋ ದಾಟಿದ್ದ. ಅಂಕಪಟ್ಟಿ ಹಿಡಿದು ನೇರವಾಗಿ ಮೇಷ್ಟ್ರ ಹತ್ತಿರ ಬಂದ.

“ಪೂರೈಕಿ ಪ್ರಶ್ನಿ ಬಂದಿತ್ತು ಸರ್. ಕುರಿದೆಲ್ಲಾ ಬರದೆ. ನಾಲ್ಕು ಪುಟ ಬರದೆ.”

“ನಾನು ತಿದ್ದಿದ್ರ ಪೂರ್ತಿ ಕೊಡ್ತಿದ್ದೆ.”

“ನೀವು ತಿದ್ದಂಗಿಲ್ಲಲ್ರಿ ಸರ್.”

ಹುಡುಗನ ದನಿಯಲ್ಲಿ ಜಗಳವಿರಲಿಲ್ಲ, ಅದು ಮೇಷ್ಟ್ರಿಗೆ ಇನ್ನೂ ಕಷ್ಟವಾಯಿತು. “ಹೌದಪ್ಪಾ” ಎಂದರು. “ವಿಚಾರ ಮಾಡಾಕ ಕಲಿಸಿದೆ. ಅದನ್ನ ಗುಲ್ಬರ್ಗದಾಗ ಕುಂತಾತಗ ತಿಳಿಯಂಗ ಬರಿಯಾಕ ಕಲಿಸಲಿಲ್ಲ. ಅರ್ಧ ಕೆಲಸ ಮಾಡಿದೆ.”

ಆಡಳಿತ ಮಂಡಳಿ ನೋಟ್ಸ್ ಮತ್ತೆ ಶುರುಮಾಡಿ ಎಂದಿತು. ಮೇಷ್ಟ್ರು ವಾದ ಮಾಡಲಿಲ್ಲ. ವಾರಕ್ಕೆ ನಾಲ್ಕು ತರಗತಿ; ಎರಡರಲ್ಲಿ ನೋಟ್ಸ್, ಎರಡು ಆ ಕೋಣೆಯಲ್ಲಿ ಎಂದು ಒಪ್ಪಂದವಾಯಿತು. ಸೋತೆ ಎಂದು ಅವರಿಗೆ ಅನ್ನಿಸದೆ ಇರಲಿಲ್ಲ. ಆದರೆ ಬೀರಲಿಂಗೇಶನ ಮಾತು ತಲೆಯಲ್ಲಿ ಕೂತಿತ್ತು. ಹೊಸ ವರ್ಷದಲ್ಲಿ ಅವರು ಇನ್ನೊಂದು ಕೆಲಸ ಶುರುಮಾಡಿದರು. ಮೇಜಿನ ಸುತ್ತ ಮಾತು ಮುಗಿದ ಮೇಲೆ ಅರ್ಧ ಗಂಟೆ ಎಲ್ಲರೂ ಅದನ್ನೇ ಬರೆಯಬೇಕು. ಬರೆದದ್ದನ್ನು ಒಂದು ಮೇಜಿನವರು ಇನ್ನೊಂದು ಮೇಜಿನವರಿಗೆ ಕೊಡಬೇಕು. ಅವರು ತಿದ್ದಬೇಕು, ಅಂಕ ಹಾಕಬೇಕು, ಯಾಕೆ ಅಷ್ಟೇ ಹಾಕಿದೆವೆಂದು ಕೆಳಗೆ ಕಾರಣ ಬರೆಯಬೇಕು. ಮೊದಮೊದಲು ಗೆಳೆಯರಿಗೆ ಪೂರ್ತಿ, ಆಗದವರಿಗೆ ಸೊನ್ನೆ ಬಿದ್ದವು. ಕಾರಣ ಬರೆಯಬೇಕಾದಾಗ ಅದು ತಾನೇ ಕಡಿಮೆಯಾಯಿತು. ಮಕ್ಕಳು ಮೇಷ್ಟ್ರಿಗಿಂತ ಬಿಗಿಯಾಗಿ ತಿದ್ದುತ್ತಿದ್ದರು.

ಎರಡನೆಯ ವರ್ಷಕ್ಕೆ ಫಲಿತಾಂಶ ಹಳೆಯ ಮಟ್ಟಕ್ಕೆ ಬಂತು. ಅದಕ್ಕಿಂತ ಮೇಲೇನೂ ಹೋಗಲಿಲ್ಲ. ಆದರೆ ಪಾಸಾದವರು ಯಾವುದರಲ್ಲಿ ಪಾಸಾದೆವೆಂದು ಹೇಳಬಲ್ಲವರಾಗಿದ್ದರು ಎಂದು ಮೇಷ್ಟ್ರು ಹೇಳುತ್ತಿದ್ದರು.

೧೯೯೯ರ ಮೇ ತಿಂಗಳಲ್ಲಿ ಗುಲ್ಬರ್ಗದಲ್ಲಿ, ತಿದ್ದಲು ಕೂರುವ ಮೊದಲು ನಡೆಯುವ ಸಭೆಯಲ್ಲಿ ಅವರು ಎದ್ದು ನಿಂತರು. ಅಂಥ ಕಡೆ ಮಾತಾಡುವ ಮನುಷ್ಯರಲ್ಲ. ಹಾಳೆಯಲ್ಲಿ ಬರೆದುಕೊಂಡು ಬಂದದ್ದನ್ನು ಓದಿದರು: ಪುಸ್ತಕದ ಉದಾಹರಣೆ ಬಿಟ್ಟು ತನ್ನ ಊರಿನ ಉದಾಹರಣೆ ಬರೆದ ಹುಡುಗನಿಗೂ, ವಿಚಾರ ಸರಿಯಿದ್ದರೆ ಪೂರ್ತಿ ಅಂಕ ಕೊಡಬೇಕು. ಕೆಲವರು ಇದು ತಲೆನೋವು ಎಂದರು. ಒಬ್ಬ ಹಿರಿಯರು ಗಡಿಯಾರ ನೋಡಿದರು. ಒಂದು ಗಂಟೆ ಚರ್ಚೆಯಾಗಿ, ತಿದ್ದುವವರಿಗೆ ಕೊಡುವ ಸೂಚನೆಯ ಕೆಳಗೆ ಒಂದು ಸಾಲು ಸೇರಿತು: ‘ಸೂಕ್ತವಾದ ಸ್ಥಳೀಯ ಉದಾಹರಣೆಗಳನ್ನೂ ಪರಿಗಣಿಸಬಹುದು.’ ‘ಬಹುದು’ ಅಲ್ಲ, ‘ಬೇಕು’ ಆಗಬೇಕಿತ್ತು ಎಂದು ಮೇಷ್ಟ್ರು ಬಸ್ಸಿನಲ್ಲಿ ಬರುವ ದಾರಿಯುದ್ದಕ್ಕೂ ಅಂದುಕೊಂಡರು. ಆ ಸಾಲು ಓದಿ ಯಾರಿಗಾದರೂ ಅಂಕ ಸಿಕ್ಕಿತೋ ಇಲ್ಲವೋ ಅವರಿಗೆ ಎಂದೂ ತಿಳಿಯಲಿಲ್ಲ.

ಬೀರಲಿಂಗೇಶ ಡಿಗ್ರಿ ಮುಗಿಸಿ ಹರಪನಹಳ್ಳಿಯಲ್ಲಿ ಕುರಿ ಸಾಕುವವರ ಸಹಕಾರ ಸಂಘವೊಂದರಲ್ಲಿ ಕೆಲಸಕ್ಕೆ ಸೇರಿದ. ಅಸ್ಮಾ ಎಂ.ಎ. ಮಾಡಿ ೨೦೦೩ರಲ್ಲಿ ಕೂಡ್ಲಿಗಿಯ ಕಾಲೇಜೊಂದಕ್ಕೆ ಅತಿಥಿ ಉಪನ್ಯಾಸಕಿಯಾಗಿ ಹೋದಳು. ಅಲ್ಲಿ ಇಂಥ ಕೋಣೆ ಕೇಳಿದರೆ ಕೊಡಲಿಲ್ಲವೆಂದು ಒಮ್ಮೆ ಬಂದು ಹೇಳಿದಳು. ಮೇಷ್ಟ್ರು, “ಕೇಳ್ತಾ ಇರವ್ವಾ” ಎಂದರು.

ಇತ್ತ ಗ್ರಂಥಾಲಯದ ಹಿಂದಿನ ಕೋಣೆಗೆ ಬೇರೆಯವರೂ ಬರತೊಡಗಿದರು. ಮೊದಲು ಬಂದವರು ಗದ್ದಲವೆಂದು ದೂರು ಕೊಟ್ಟಿದ್ದ ಇತಿಹಾಸದ ಮೇಷ್ಟ್ರೇ. ಕೋಗಳಿಯ ಬಸದಿಗೆ ಮಕ್ಕಳನ್ನು ಕರೆದೊಯ್ದು ಶಾಸನದ ಅಕ್ಷರ ಬರೆದುಕೊಂಡು ಬಂದಿದ್ದರು. ಅದನ್ನು ಹರಡಿ ಓದಲು ದೊಡ್ಡ ಮೇಜು ಬೇಕಿತ್ತು. ಆಮೇಲೆ ಕನ್ನಡದವರು, ಆಮೇಲೆ ವಾಣಿಜ್ಯದವರು. ೨೦೦೬ರ ಹೊತ್ತಿಗೆ ಜಗಳ ಹತ್ತಿ, ಪ್ರಾಂಶುಪಾಲರು ಬಾಗಿಲಿಗೆ ವೇಳಾಪಟ್ಟಿ ಅಂಟಿಸಬೇಕಾಯಿತು. ಅದರಲ್ಲಿ ಮೇಷ್ಟ್ರ ಎರಡು ದಿನಗಳ ಪೈಕಿ ಗುರುವಾರ ವಾಣಿಜ್ಯದವರ ಪಾಲಾಯಿತು. ಯರ್ರೆಪ್ಪ ಮೇಷ್ಟ್ರಿಗೆ ಸೋಮವಾರ ಒಂದೇ ಉಳಿಯಿತು.

“ಕೋಣಿ ಮಾಡಿಸಿದಾತ ನಾನು” ಎಂದು ಅವರು ಪ್ರಾಂಶುಪಾಲರ ಮುಂದೆ ಗೊಣಗಿದರು. ಪ್ರಾಂಶುಪಾಲರು, “ಕಾಲೇಜಿನ ಕೋಣಿ ಸರ್” ಎಂದರು. ಮುಂದಿನ ಗುರುವಾರ ಮೇಷ್ಟ್ರು ಬೋಲ್ಟ್ ಹಾಕಿದ ಡೆಸ್ಕುಗಳಿದ್ದ ಮಾಮೂಲಿ ತರಗತಿಗೆ ಹೋಗಿ, ಒಂದು ಬಿಟ್ಟು ಒಂದು ಸಾಲಿನವರಿಗೆ ಬೆಂಚಿನ ಮೇಲಿಂದ ಕಾಲು ದಾಟಿಸಿ ಹಿಂದಕ್ಕೆ ಮುಖ ಮಾಡಿ ಕೂರಲು ಹೇಳಿದರು. ಹುಡುಗರು ನಗುತ್ತ ತಿರುಗಿದರು. ಸೀರೆ ಉಟ್ಟ ಇಬ್ಬರು ಹುಡುಗಿಯರು ಎದ್ದು ಸುತ್ತಿಬಳಸಿ ಬಂದು ಕೂತರು. ಎಲ್ಲರೂ ಕೂತ ಮೇಲೆ ಮೇಷ್ಟ್ರು ಅವತ್ತಿನ ಪ್ರಶ್ನೆ ಬರೆಯಲು ಸೀಮೆಸುಣ್ಣ ಕೈಗೆ ತೆಗೆದುಕೊಂಡರು. ಅರ್ಧ ತರಗತಿಗೆ ಹಲಗೆ ಬೆನ್ನ ಹಿಂದಾಗಿತ್ತು. ಸೀಮೆಸುಣ್ಣ ಇಟ್ಟು, ಪ್ರಶ್ನೆಯನ್ನು ಬಾಯಲ್ಲೇ ಹೇಳಿ, ಸಾಲುಗಳ ನಡುವೆ ಹೊರಟರು.